ಒಂದೇ ಮಿದುಳಿನಲ್ಲಿ ಬರವೂ ನೆರೆಯೂ

ಮುಂಡರಗಿ ತಾಲ್ಲೂಕಿನ ಕೊರ್ಲಹಳ್ಳಿ ತುಂಗಭದ್ರೆಯ ದಂಡೆಯ ಊರು. ಹೊಳೆಯ ದಂಡೆಯವರಿಗೆ ನೀರಿನ ಎರಡು ಉಪದ್ರವಗಳೂ ಗೊತ್ತು. ನೀರು ಸಾಲದೆ ಪೈರು ಒಣಗುವುದು ಒಂದು. ಹೊಳೆ ದಂಡೆ ಮೀರಿ ಹೊಲಕ್ಕೆ ನುಗ್ಗುವುದು ಇನ್ನೊಂದು. ನಮ್ಮ ತಲೆಯೊಳಗಿನ ರಕ್ತಪ್ರವಾಹಕ್ಕೂ ಇವೇ ಎರಡು ವಿಪತ್ತುಗಳುಂಟು. ಧಮನಿ ಇಕ್ಕಟ್ಟಾಗಿ ಮುಚ್ಚಿಕೊಂಡರೆ ಮಿದುಳಿನ ಒಂದು ಭಾಗ ರಕ್ತವಿಲ್ಲದೆ ಸಾಯುತ್ತದೆ. ಧಮನಿ ಒಡೆದರೆ ರಕ್ತ ಹೊರಚೆಲ್ಲಿ ಮಿದುಳಿಗೆ ಹಾನಿಯಾಗುತ್ತದೆ. ಜನರು ಎರಡನ್ನೂ ಲಕ್ವ ಎಂದೇ ಕರೆಯುವರು. ಆದರೆ ಒಬ್ಬನೇ ರೋಗಿಯಲ್ಲಿ ಒಂದು ಧಮನಿ ಕಿರಿದಾಗಿ, ಇನ್ನೊಂದು ಧಮನಿ ಗುಳ್ಳೆಯಂತೆ ಉಬ್ಬಿದ್ದರೆ? ಆಗ ಒಂದನ್ನು ಕಾಯಲು ಹೋಗಿ ಇನ್ನೊಂದನ್ನು ಕೆಡಿಸಿದಂತಾದೀತೆ ಎಂಬ ಸಂದಿಗ್ಧ ವೈದ್ಯನಿಗೆ ಒದಗುತ್ತದೆ.

ಮಿದುಳಿನ ತೂಕ ದೇಹದ ತೂಕದಲ್ಲಿ ನೂರಕ್ಕೆ 2ರಷ್ಟು ಮಾತ್ರ. ಆದರೂ ದೇಹವು ಬಳಸುವ ಆಮ್ಲಜನಕದಲ್ಲಿ ಸುಮಾರು ಐದರಲ್ಲೊಂದು ಪಾಲು ಅದಕ್ಕೇ ಬೇಕು. ಇದನ್ನು ಹೊತ್ತ ರಕ್ತವು ಕೊರಳಿನ ಮುಂದೆ ಎರಡು, ಹಿಂದೆ ಎರಡು, ಹೀಗೆ ನಾಲ್ಕು ಧಮನಿಗಳಿಂದ ಮೇಲೇರುತ್ತದೆ. ಮಿದುಳಿನ ತಳದಲ್ಲಿ ಈ ಧಮನಿಗಳ ಕವಲುಗಳು ಒಂದು ಉಂಗುರದಂತೆ ಕೂಡಿಕೊಂಡಿವೆ. 1664ರಲ್ಲಿ ಇದನ್ನು ವಿವರವಾಗಿ ವರ್ಣಿಸಿದ ಇಂಗ್ಲೆಂಡಿನ ಥಾಮಸ್ ವಿಲ್ಲಿಸನ ಹೆಸರಿನಿಂದ ಇದು ವಿಲ್ಲಿಸ್ ವೃತ್ತವೆನಿಸಿದೆ. ಒಂದು ದಾರಿ ಕಟ್ಟಿದರೆ ಇನ್ನೊಂದು ದಾರಿಯಿಂದ ರಕ್ತ ಸುತ್ತಿ ಬರಲು ಈ ವೃತ್ತ ಅನೇಕ ವೇಳೆ ನೆರವಾಗುತ್ತದೆ.

ಧಮನಿಯ ಒಳಗೋಡೆಯಲ್ಲಿ ಕೊಬ್ಬಿನ ಅಂಶ ಸೇರಿ ದಪ್ಪಗಟ್ಟಿದಾಗ ದಾರಿ ಕಿರಿದಾಗುತ್ತದೆ. ಭೌತಶಾಸ್ತ್ರದ ಒಂದು ನಿಯಮವನ್ನು ಇಲ್ಲಿ ನೆನೆಯಿರಿ. ಉಳಿದುದೆಲ್ಲ ಹಾಗೆಯೇ ಇದ್ದು, ಉದ್ದನೆಯ ಕೊಳವೆಯ ತ್ರಿಜ್ಯ ಅರ್ಧವಾದರೆ, ಅದರಲ್ಲಿ ಹರಿಯುವ ದ್ರವ ಅರ್ಧಕ್ಕಲ್ಲ, ಹದಿನಾರರಲ್ಲೊಂದು ಪಾಲಿಗೆ ಇಳಿಯುತ್ತದೆ. ಸ್ವಲ್ಪ ಇಕ್ಕಟ್ಟು ಎಷ್ಟು ಕೇಡು ಮಾಡಬಲ್ಲದೆಂಬುದು ಇದರಿಂದ ತಿಳಿಯುತ್ತದೆ.

ಗುಳ್ಳೆಯ ಕತೆ ಬೇರೆ. ಧಮನಿ ಕವಲೊಡೆಯುವ ಜಾಗದಲ್ಲಿ ರಕ್ತದ ಪೆಟ್ಟು ಹೆಚ್ಚು. ಅಲ್ಲಿ ಗೋಡೆ ದುರ್ಬಲವಾದರೆ, ಸೈಕಲ್ಲಿನ ಸವೆದ ಟ್ಯೂಬು ಉಬ್ಬುವಂತೆ, ಅದು ಹೊರಕ್ಕೆ ಉಬ್ಬುತ್ತದೆ. ವೈದ್ಯರು ಇದನ್ನು ಅನ್ಯೂರಿಸಂ ಎನ್ನುತ್ತಾರೆ. ಒತ್ತಡ ಅಷ್ಟೇ ಇದ್ದರೂ ಗುಳ್ಳೆ ಹಿಗ್ಗಿದಷ್ಟೂ ಗೋಡೆಯ ಮೇಲಿನ ಎಳೆತ ಹೆಚ್ಚುತ್ತದೆ. ವಯಸ್ಕರಲ್ಲಿ ನೂರಕ್ಕೆ ಸುಮಾರು ಮೂವರಿಗೆ ಇಂಥ ಗುಳ್ಳೆ ಇರುತ್ತದೆ; ಅವುಗಳಲ್ಲಿ ಹೆಚ್ಚಿನವು ಎಂದೂ ಒಡೆಯುವುದಿಲ್ಲ.

ಇವೆರಡೂ ಒಬ್ಬನಲ್ಲೇ ಸೇರುವುದೇಕೆ? ಕೆಲವೊಮ್ಮೆ ಅದು ಆಕಸ್ಮಿಕ. ಆದರೆ ಏರಿದ ರಕ್ತದೊತ್ತಡ ಮತ್ತು ಧೂಮಪಾನ ಇವು ಇಕ್ಕಟ್ಟಿಗೂ ಗುಳ್ಳೆಗೂ ಸಮಾನ ಕಾರಣಗಳು. ಇನ್ನೊಂದು ಕಾರಣವೂ ಉಂಟು. ಒಂದು ಕಾಲುವೆ ಕಟ್ಟಿದಾಗ ಅದರ ಹೊರೆ ಪಕ್ಕದ ಕಾಲುವೆಯ ಮೇಲೆ ಬೀಳುವಂತೆ, ಸುತ್ತುದಾರಿಯ ಧಮನಿಗಳು ಅಧಿಕ ರಕ್ತವನ್ನು ಹೊರಬೇಕಾಗುತ್ತದೆ. ‘ಮೋಯಾಮೋಯಾ’ ಎಂಬ ರೋಗದಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿ ಮುಖ್ಯ ಧಮನಿಗಳು ಕ್ರಮೇಣ ಮುಚ್ಚಿಕೊಂಡು, ಎಳೆಎಳೆಯಾದ ಸಣ್ಣ ನಾಳಗಳು ಬೆಳೆಯುತ್ತವೆ; ಚಿತ್ರದಲ್ಲಿ ಅವು ಹೊಗೆಯಂತೆ ತೋರುವುದರಿಂದ 1969ರಲ್ಲಿ ಜಪಾನಿನ ಸುಜುಕಿ ಮತ್ತು ತಕಾಕು ಈ ಹೆಸರನ್ನು ಬಳಕೆಗೆ ತಂದರು. ಹೊರೆ ಹೊತ್ತ ನಾಳಗಳಲ್ಲಿ ಗುಳ್ಳೆಗಳೂ ಏಳುವುದುಂಟು.

ಈಗ ಚಿಕಿತ್ಸೆಯ ಸಂದಿಗ್ಧವನ್ನು ನೋಡೋಣ. ಇಕ್ಕಟ್ಟಿಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್ ಬೇಕು; ಗುಳ್ಳೆ ಒಡೆದರೆ ಹೆಪ್ಪುಗಟ್ಟುವುದೇ ಪ್ರಾಣರಕ್ಷಕ. ರಕ್ತದೊತ್ತಡ ತೀರ ಕುಗ್ಗಿದರೆ ಇಕ್ಕಟ್ಟಿನಾಚೆಯ ಭಾಗ ಬಾಡೀತು. ಏರಿದರೆ ಗುಳ್ಳೆಗೆ ಅಪಾಯ. ಆದಕಾರಣ ಊಹೆಯಿಂದಲ್ಲ, ಅಳತೆಯಿಂದ ತೀರ್ಮಾನಿಸಬೇಕು. ಸಣ್ಣ ಗುಳ್ಳೆಯಿದ್ದವರಲ್ಲಿ ಆಸ್ಪಿರಿನ್ನಿನಿಂದ ಅದು ಒಡೆಯುವ ಸಂಭವ ಹೆಚ್ಚುವುದೆಂದು ಈವರೆಗಿನ ಅಧ್ಯಯನಗಳು ತೋರಿಸಿಲ್ಲ. ಅಂಥವರಿಗೆ ಸಾಮಾನ್ಯವಾಗಿ ಔಷಧ ಕೊಟ್ಟು, ಒತ್ತಡವನ್ನು ಹದದಲ್ಲಿರಿಸಿ, ಗುಳ್ಳೆಯ ಚಿತ್ರವನ್ನು ಆಗಾಗ ತೆಗೆದು ಹೋಲಿಸುತ್ತಾರೆ. ಗುಳ್ಳೆ ದೊಡ್ಡದಾಗಿದ್ದರೆ ಅಥವಾ ಬೆಳೆಯುತ್ತಿದ್ದರೆ ಅದರ ಕತ್ತಿಗೆ ಲೋಹದ ಕ್ಲಿಪ್ಪು ಹಾಕುವ, ಇಲ್ಲವೆ ಒಳಗೆ ಪ್ಲಾಟಿನಮ್ ತಂತಿಯ ಸುರುಳಿ ತುಂಬುವ ಯೋಚನೆ ಬರುತ್ತದೆ. ಕ್ಲಿಪ್ಪಿನ ಶಸ್ತ್ರಕ್ರಿಯೆಯನ್ನು ಅಮೆರಿಕದ ವಾಲ್ಟರ್ ಡ್ಯಾಂಡಿ 1937ರಲ್ಲಿ ಮಾಡಿದನು. ಇಂದು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ಚಿಕಿತ್ಸೆಗಳು ನಡೆಯುತ್ತವೆ.

ಕಿರಿದಾದ ಧಮನಿಯಲ್ಲಿ ಲೋಹದ ಜಾಲರಿಯನ್ನಿರಿಸಿ ಅಗಲಿಸಬಾರದೇಕೆ ಎಂದು ವಾಚಕರು ಕೇಳಬಹುದು. 2011ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ತೀವ್ರ ಇಕ್ಕಟ್ಟಿನ 451 ರೋಗಿಗಳನ್ನು ಪರೀಕ್ಷಿಸಲಾಯಿತು. ಮೊದಲ 30 ದಿನಗಳಲ್ಲಿ ಲಕ್ವಕ್ಕೆ ಅಥವಾ ಮರಣಕ್ಕೆ ತುತ್ತಾದವರು ಜಾಲರಿಯ ಪಂಗಡದಲ್ಲಿ ನೂರಕ್ಕೆ 14.7, ಔಷಧ ಮಾತ್ರ ಪಡೆದವರಲ್ಲಿ 5.8. ಹೀಗೆ ಔಷಧವೇ ಮೊದಲ ಆಯ್ಕೆಯಾಯಿತು.

ಇದರಿಂದ ಹಳ್ಳಿಯವರು ಕಲಿಯತಕ್ಕ ಪಾಠವೊಂದಿದೆ. ಮುಖ ಸೊಟ್ಟಗಾಗುವುದು, ಒಂದು ಕೈ ಜೋಲುವುದು, ಮಾತು ತೊದಲುವುದು, ಹಿಂದೆಂದೂ ಕಾಣದ ಭಯಂಕರ ತಲೆನೋವು ತಟ್ಟನೆ ಬರುವುದು, ಇವುಗಳಲ್ಲಿ ಯಾವುದು ಕಂಡರೂ ಮನೆಯಲ್ಲಿ ಆಸ್ಪಿರಿನ್ ನುಂಗಿಸಬಾರದು. ಒಳಗಿರುವುದು ಬರವೋ ನೆರೆಯೋ ಎಂಬುದನ್ನು ನೋಡಿ ಹೇಳಲು ಯಾರಿಗೂ ಸಾಧ್ಯವಿಲ್ಲ, ಸಿ.ಟಿ. ಚಿತ್ರವೇ ಹೇಳಬೇಕು. ಹೆಪ್ಪು ಕರಗಿಸುವ ಔಷಧಕ್ಕೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವು. ಕೊರ್ಲಹಳ್ಳಿಯಿಂದ ಮುಂಡರಗಿ, ಗದಗು, ಬೇಕಾದರೆ ಹುಬ್ಬಳ್ಳಿ, ಈ ದಾರಿಯೂ ಅದೇ ಗಡುವಿನೊಳಗೆ ಸವೆಯಬೇಕು. ಆದುದರಿಂದ ರೋಗ ತಾನಾಗಿ ಇಳಿದೀತೆಂದು ಕಾಯದೆ ಕೂಡಲೆ 108ಕ್ಕೆ ಕರೆಮಾಡಿ, ತೊಂದರೆ ಎಷ್ಟು ಗಂಟೆಗೆ ಆರಂಭವಾಯಿತೆಂಬುದನ್ನು ಬರೆದಿಟ್ಟುಕೊಳ್ಳಿರಿ. ವೈದ್ಯನು ಕೇಳುವ ಮೊದಲ ಪ್ರಶ್ನೆಗಳಲ್ಲಿ ಅದೂ ಒಂದು.