“ಕೊಟ್ಟರೆ ಉಪಕಾರವಾಗುತ್ತಿತ್ತು”: ಇಂಗ್ಲಿಷಿನಲ್ಲೂ ವಿನಯದಿಂದ ಕೇಳೋಣ

ಕಳೆದ ಜೂನ್ ತಿಂಗಳ ಒಂದು ಸಂಜೆ. ಮೈಸೂರಿನ ನಮ್ಮ ಮೊಹಲ್ಲಾದ ಸಹೋದರಿಯೊಬ್ಬರು ಮನೆಗೆ ಬಂದವರೇ ಕುಳಿತು ಅತ್ತುಬಿಟ್ಟರು. ಮಗಳ ಶಾಲೆಯ ಶುಲ್ಕ ಕಟ್ಟಲು ಎರಡು ವಾರ ಸಮಯ ಕೇಳಲು ಹೋಗಿದ್ದರು. ಇಂಗ್ಲಿಷ್ ಮಾಧ್ಯಮದ ಶಾಲೆ, ಇಂಗ್ಲಿಷಿನಲ್ಲೇ ಕೇಳಿದರೆ ಮರ್ಯಾದೆ ಎಂದುಕೊಂಡು ದಾರಿಯುದ್ದಕ್ಕೂ ಒಂದು ವಾಕ್ಯವನ್ನು ಬಾಯಿಪಾಠ ಮಾಡಿದ್ದರು: “ಯು ಗಿವ್ ಮಿ ಟೂ ವೀಕ್ಸ್ ಟೈಮ್.” ಮೇಜಿನಾಚೆ ಕುಳಿತಿದ್ದವರು ಹುಬ್ಬು ಗಂಟಿಕ್ಕಿ, “ಏನಮ್ಮಾ, ನಮಗೇ ಆರ್ಡರ್ ಮಾಡ್ತೀರಾ?” ಎಂದುಬಿಟ್ಟರಂತೆ.

“ಆಪಾ, ನಾನು ತರಕಾರಿ ಗಾಡಿಯವನನ್ನೂ ಬಹುವಚನದಲ್ಲಿ ಮಾತಾಡಿಸುವವಳು. ನಾನೇನು ತಪ್ಪು ಹೇಳಿದೆ?” ಎಂಬುದು ಅವರ ಅಳಲು.

ಸಹೋದರಿಯರೇ, ಅವರ ಮನಸ್ಸಿನಲ್ಲಿದ್ದ ವಿನಯ ವಾಕ್ಯದೊಳಗೆ ಬಂದಿರಲಿಲ್ಲ, ಅಷ್ಟೆ. ನಮ್ಮಲ್ಲಿ ಎಷ್ಟೋ ತಾಯಂದಿರಿಗೆ ಹೀಗಾಗುತ್ತದೆ. ಶಾಲೆ, ಆಸ್ಪತ್ರೆ, ಬ್ಯಾಂಕಿನ ಫೋನು, ಎಲ್ಲೆಡೆಯೂ ಒರಟರಂತೆ ಕಾಣಿಸಿಕೊಂಡು ಕೊನೆಗೆ ಬಾಯಿ ತೆರೆಯುವುದನ್ನೇ ಬಿಟ್ಟುಬಿಡುತ್ತೇವೆ.

ವಿನಯ ಎಲ್ಲಿ ಅಡಗಿದೆ?

ಕನ್ನಡದಲ್ಲಿ “ಕೊಡು” ಮತ್ತು “ಕೊಡಿ”, ಉರ್ದುವಿನಲ್ಲಿ “ದೋ” ಮತ್ತು “ದೀಜಿಯೇ”. ಇವುಗಳ ನಡುವಿನ ಅಂತರ ಚಿಕ್ಕ ಮಗುವಿಗೂ ಗೊತ್ತು. ಇಂಗ್ಲಿಷಿನ “ಗಿವ್”ಗೆ ಅಂತಹ ಬಹುವಚನವಿಲ್ಲ. ಅಜ್ಜನಿಗೂ ಮೊಮ್ಮಗನಿಗೂ ಒಂದೇ “ಯು”. “ಪ್ಲೀಸ್” ಸೇರಿಸಿದರೆ ಸ್ವಲ್ಪ ಮೆತ್ತಗಾಗುತ್ತದೆ, ಆದರೂ ಅದು ಆಜ್ಞೆಯ ರೂಪವೇ. ಆದ್ದರಿಂದ ಆ ಭಾಷೆ ತನ್ನ ವಿನಯವನ್ನು ಹೆಚ್ಚಾಗಿ “ಇಫ್”, “ಕುಡ್”, “ವುಡ್” ಎಂಬ ಮಾತುಗಳಲ್ಲಿ ಇಟ್ಟಿದೆ. “ನೀವು ಹೀಗೆ ಮಾಡಿದರೆ” ಎಂದು ಷರತ್ತಿನ ರೂಪದಲ್ಲಿ ಕೇಳಿದಾಗ, ಎದುರಿನವರಿಗೆ “ಆಗುವುದಿಲ್ಲ” ಎನ್ನಲೂ ಬಾಗಿಲು ತೆರೆದಿರುತ್ತದೆ. ಆ ತೆರೆದ ಬಾಗಿಲೇ ಗೌರವ.

ಇಲ್ಲಿ ನನ್ನ ವಿದ್ಯಾರ್ಥಿನಿಯರು ಒಂದು ಪ್ರಶ್ನೆ ಕೇಳುತ್ತಾರೆ: “ಟೀಚರ್, ಕುಡ್, ವುಡ್ ಭೂತಕಾಲ ಅಲ್ವಾ? ನಾಳೆಯ ಕೆಲಸಕ್ಕೆ ಭೂತಕಾಲ ಯಾಕೆ?”

ನಮಗೆ ಗೊತ್ತಿರುವುದೇ!

1969ರಲ್ಲಿ ಭಾರತೀಯ ಭಾಷಾ ಸಂಸ್ಥಾನ ಸ್ಥಾಪನೆಯಾದ ಊರು ನಮ್ಮದು. ಒಂದೇ ಬೀದಿಯಲ್ಲಿ ಮೂರು ನಾಲ್ಕು ಭಾಷೆ ಕೇಳಿಸುವ ಊರು. ಉತ್ತರವನ್ನು ನಮ್ಮ ಮನೆಯ ಭಾಷೆಗಳಲ್ಲೇ ಹುಡುಕೋಣ.

“ನಾಳೆ ಅವರು ಬಂದರೆ ಹೇಳುತ್ತೇನೆ” ಎನ್ನುತ್ತೇವೆ. “ಬಂದರೆ” ಎಂಬುದರಲ್ಲಿ “ಬಂದ” ಎಂಬ ಭೂತಕಾಲದ ರೂಪ ಕುಳಿತಿದೆ. ಮಾತು ಮಾತ್ರ ನಾಳೆಯದು! ಉರ್ದುವಿನ “ಅಗರ್ ವೋ ಕಲ್ ಆಯೇ ತೋ” ಕೂಡ ಹಾಗೆಯೇ. ನಾವು ದಿನಕ್ಕೆ ಹತ್ತು ಬಾರಿ ಹೇಳುವ “ಇನ್ ಶಾ ಅಲ್ಲಾಹ್” ಎಂಬುದನ್ನೇ ನೋಡಿ. ಮದ್ರಸದಲ್ಲಿ ಅರಬಿ ವ್ಯಾಕರಣ ಕಲಿತವರಿಗೆ ನೆನಪಿರಬಹುದು: “ಇನ್” ಎಂದರೆ “ಆದರೆ, ಒಂದು ವೇಳೆ”, “ಶಾ” ಭೂತಕಾಲದ ಕ್ರಿಯಾಪದ, ಅರ್ಥ ಮುಂದೆ ಆಗುವುದರ ಬಗ್ಗೆ. ಇನ್ನು ಅರಬರು ಯಾರನ್ನಾದರೂ ಏನಾದರೂ ಕೇಳುವಾಗ “ಲೌ ಸಮಹ್ತ್” ಎನ್ನುತ್ತಾರೆ. “ನೀವು ಅನುಮತಿಸಿದರೆ” ಎಂದರ್ಥ. ಅಲ್ಲೂ ಷರತ್ತು, ಅಲ್ಲೂ ಭೂತಕಾಲ.

ಅಂದರೆ ಇಲ್ಲಿ ಭೂತಕಾಲದ ರೂಪ ಕಳೆದುಹೋದ ಸಮಯವನ್ನು ಹೇಳುವುದಿಲ್ಲ. ಬೇಡಿಕೆಯನ್ನು ಒಂದು ಹೆಜ್ಜೆ ದೂರ ನಿಲ್ಲಿಸಿ ಕೇಳುತ್ತದೆ. “ನಿಮ್ಮ ಹತ್ತಿರ ಒಂದು ವಿಷಯ ಕೇಳಬೇಕಿತ್ತು” ಎಂದು ನಾವು ಹಿಂಜರಿಯುತ್ತಾ ಹೇಳುವುದಿಲ್ಲವೇ? ಅದೇ ಇದು.

ನಾಲ್ಕು ವಾಕ್ಯಗಳು

1. “ಇಫ್ ಯು ಕುಡ್ ಗಿವ್ ಮಿ ಟೂ ವೀಕ್ಸ್, ಐ ವುಡ್ ಬಿ ಗ್ರೇಟ್‌ಫುಲ್.” ಎರಡು ವಾರ ಸಮಯ ಕೊಟ್ಟರೆ ಉಪಕಾರವಾಗುತ್ತಿತ್ತು. ಅರ್ಜಿಗೂ ಮಾತಿಗೂ ಹೊಂದುತ್ತದೆ.

2. “ವುಡ್ ಯು ಮೈಂಡ್ ಇಫ್ ಐ ಓಪನ್ಡ್ ದ ವಿಂಡೋ?” ಕಿಟಕಿ ತೆರೆದರೆ ನಿಮಗೇನೂ ತೊಂದರೆಯಿಲ್ಲವಷ್ಟೆ? ಯಾರಾದರೂ ನಿಮ್ಮನ್ನು ಹೀಗೆ ಕೇಳಿದರೆ ಒಪ್ಪಿಗೆಯ ಉತ್ತರ “ನೋ, ನಾಟ್ ಅಟ್ ಆಲ್.” “ಯೆಸ್” ಎಂದರೆ “ತೊಂದರೆಯಿದೆ” ಎಂದಾಗಿಬಿಡುತ್ತದೆ, ಜೋಕೆ!

3. “ಐ ವಾಸ್ ವಂಡರಿಂಗ್ ಇಫ್ ಯು ಕುಡ್ ಎಕ್ಸ್‌ಪ್ಲೇನ್ ದಿಸ್ ರಿಪೋರ್ಟ್.” ವೈದ್ಯರ ಬಳಿ ರಕ್ತಪರೀಕ್ಷೆಯ ವರದಿ ಹಿಡಿದು ಹೀಗೆ ಕೇಳಬಹುದು. ಇಲ್ಲಿ “ಇಫ್” ಷರತ್ತಲ್ಲ, “ಆಗುತ್ತದೆಯೇ” ಎಂಬ ಪ್ರಶ್ನೆ. ಮೃದುತ್ವ ಮಾತ್ರ ಅದೇ.

4. “ಇಫ್ ಯು ಹ್ಯಾವ್ ಟೈಮ್, ಪ್ಲೀಸ್ ಕಾಲ್ ಮಿ.” ಪರಿಚಯದವರಿಗೆ ಇಷ್ಟು ಸಾಕು.

ಮೊದಲ ವಾಕ್ಯ ಗಟ್ಟಿಯಾದರೆ ಉಳಿದವು ತಾವಾಗಿಯೇ ಬರುತ್ತವೆ.

ಎರಡು ಎಚ್ಚರಿಕೆಯ ಮಾತು

ತುರ್ತಿನಲ್ಲಿ ಇಷ್ಟುದ್ದ ಬೇಡ. ಮಗುವಿಗೆ ಉಸಿರಾಡಲು ಕಷ್ಟವಾಗುತ್ತಿರುವಾಗ “ಪ್ಲೀಸ್ ಕಾಲ್ ದ ಡಾಕ್ಟರ್” ಎಂದು ನೇರವಾಗಿ, ಗಟ್ಟಿಯಾಗಿ ಹೇಳಿ. ಅದು ಒರಟುತನವಲ್ಲ.

ಇನ್ನೊಂದು, ವಿನಯವೆಂದರೆ ದೈನ್ಯವಲ್ಲ. ಕಟ್ಟಿದ ಹಣಕ್ಕೆ ರಸೀದಿ ಕೇಳುವುದು ನಿಮ್ಮ ಹಕ್ಕು. “ಕುಡ್ ಯು ಗಿವ್ ಮಿ ಎ ರಿಸೀಟ್?” ಎಂದು ತಲೆಯೆತ್ತಿಯೇ ಕೇಳಿ. ದೊಡ್ಡವರ ಮುಂದೆ ಮಾತ್ರ ಮೆತ್ತಗಾಗುವ ನಾಲಿಗೆಗೆ ವಿನಯವಂತ ನಾಲಿಗೆ ಎನ್ನಲಾಗದು. ಆಟೋದವರಿಗೂ ಆಸ್ಪತ್ರೆಯ ಆಯಾಗೂ ಅದೇ ಮಾತು ಸಲ್ಲಬೇಕು.

ಇಂಗ್ಲಿಷ್ ಎಂದರೆ ಎದೆ ನಡುಗುತ್ತದೆಯೇ? ಇದೇ ಮೈಸೂರಿನಲ್ಲಿ ಬಾಳಿದ ಆರ್.ಕೆ. ನಾರಾಯಣ್ ಅವರೂ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯಲ್ಲಿ ಒಮ್ಮೆ ನಪಾಸಾಗಿದ್ದರು. ಆಮೇಲೆ 1930ರಲ್ಲಿ ಇಲ್ಲಿನ ಮಹಾರಾಜಾ ಕಾಲೇಜಿನ ಬಿ.ಎ. ಪದವೀಧರರಾದರು, ಹೊರದೇಶಗಳವರೂ ಓದುವಂತಹ ಇಂಗ್ಲಿಷ್ ಬರೆದರು.

ಆ ಸಹೋದರಿ ಅಂದು ನಮ್ಮ ಮನೆಯಲ್ಲೇ ಚಹಾ ಕುಡಿದು, ಮೊದಲನೆಯ ವಾಕ್ಯವನ್ನು ಇಪ್ಪತ್ತು ಸಲ ಹೇಳಿ ನೋಡಿದರು. ಮರುದಿನ ಮತ್ತೆ ಶಾಲೆಗೆ ಹೋದರು. ಎರಡು ವಾರ ಕೇಳಿದವರಿಗೆ ಹತ್ತು ದಿನ ಸಿಕ್ಕಿತು. “ದಿನ ಕಡಿಮೆಯಾದರೂ ಪರವಾಗಿಲ್ಲ ಆಪಾ, ಈ ಸಲ ‘ಕೂತ್ಕೊಳ್ಳಿ’ ಅಂದರು” ಎಂದು ಬಂದು ಹೇಳಿದರು.

ಇಂದು ರಾತ್ರಿ ಊಟದ ಹೊತ್ತಿಗೆ ನಿಮ್ಮ ಮನೆಯಲ್ಲೂ ಶುರು ಮಾಡಿ. ನೀರಿನ ಲೋಟ ಬೇಕಾದರೆ ಮಗನನ್ನು “ಕುಡ್ ಯು ಪಾಸ್ ಮಿ ದ ವಾಟರ್?” ಎಂದು ಕೇಳಿ. ಅವನು ನಕ್ಕರೆ ನಗಲಿ. ನಾಳೆ ಅವನೂ ನಿಮ್ಮನ್ನು ಹಾಗೆಯೇ ಕೇಳಿಯಾನು.