ಕದನ ಮುಗಿದ ಮೇಲಿನ ಮನೆ

ಅಮೇರಿಕೆಯ ಸಂಯುಕ್ತ ಸಂಸ್ಥಾನಗಳಲ್ಲಿ 1861ರಿಂದ 1865ರ ವರೆಗೆ ನಡೆದ ಅಂತರ್ಯುದ್ಧದ ಬಿಸಿಯು ಧಾರವಾಡ ಸೀಮೆಯ ಒಕ್ಕಲಿಗನಿಗೂ ತಟ್ಟಿತ್ತೆಂಬದನ್ನು ವಾಚಕರಲ್ಲಿ ಹಲವರು ಬಲ್ಲರು. ಅಲ್ಲಿಯ ಹತ್ತಿಯು ಇಂಗ್ಲಂಡದ ಗಿರಣಿಗಳಿಗೆ ಮುಟ್ಟದೆ ಹೋದಾಗ ಇಲ್ಲಿಯ ಹತ್ತಿಗೆ ಹಿಂದೆಂದೂ ಕಾಣದ ಬೆಲೆ ಬಂದಿತು. ಯುದ್ಧವು ನಿಂತೊಡನೆ ಆ ಬೆಲೆಯೂ ಬಿದ್ದುಹೋಯಿತು. ಆದರೆ ಪೇಟೆಯ ಧಾರಣೆಯಿಂದ ತಿಳಿಯಲಾರದ ಸಂಗತಿಯೊಂದುಂಟು. ಬಂದೂಕುಗಳನ್ನು ಕೆಳಗಿಟ್ಟ ಮೇಲೆ ಅಲ್ಲಿಯ ಮನೆಗಳೊಳಗೆ ಏನು ನಡೆಯಿತು? ಒಂದೇ ಪಂಕ್ತಿಯಲ್ಲಿ ಉಣ್ಣಬೇಕಾದವರು ಒಬ್ಬರ ಮುಖವನ್ನೊಬ್ಬರು ಹೇಗೆ ನೋಡಿದರು? ಇತಿಹಾಸಕಾರರು ಸತ್ತವರ ಲೆಕ್ಕವನ್ನು ಕೊಡುವರು: ಸುಮಾರು 6,20,000 ಎಂದು ಬಹುಕಾಲ ನಂಬಿದ್ದರು, 7,50,000ದಷ್ಟಿರಬೇಕೆಂದು 2011ರಲ್ಲಿ ಪ್ರಕಟವಾದ ಎಣಿಕೆಯು ಹೇಳುತ್ತದೆ. ಉಳಿದವರ ಲೆಕ್ಕವನ್ನು ಬರೆದವರಲ್ಲಿ ಆ ದೇಶದ ಮಕ್ಕಳ ಕಾದಂಬರಿಕಾರರು ಮುಖ್ಯರಾಗಿರುವರು.

ಅಂಥ ಪುಸ್ತಕಗಳಲ್ಲಿ ಕ್ಯಾರೊಲಿನ್ ರೀಡರ್ ಎಂಬ ಶಿಕ್ಷಕಿಯು 1989ರಲ್ಲಿ ಪ್ರಕಟಿಸಿದ ‘ಶೇಡ್ಸ್ ಆಫ್ ಗ್ರೇ’ ಎಂಬದು ಒಂದು. ಬೂದಿಬಣ್ಣವು ದಕ್ಷಿಣದ ಸೈನಿಕರ ಉಡುಪಿನ ಬಣ್ಣ. ಹೆಸರಿನಲ್ಲಿ ಆ ಧ್ವನಿಯೂ ಇದೆ. ಕಥಾನಾಯಕನು ಹನ್ನೆರಡು ವರ್ಷದ ವಿಲ್ ಪೇಜ್, ವರ್ಜೀನಿಯದ ವಿಂಚೆಸ್ಟರ್ ಪಟ್ಟಣದವನು. ಆ ಪಟ್ಟಣವು ಯುದ್ಧಕಾಲದಲ್ಲಿ ಎಪ್ಪತ್ತಕ್ಕೂ ಹೆಚ್ಚು ಸಲ ಒಂದು ಪಕ್ಷದ ಕೈಯಿಂದ ಮತ್ತೊಂದರ ಕೈಗೆ ಹೋಯಿತೆಂದು ಪ್ರತೀತಿ. ಅದರ ಸುತ್ತಲಿನ ಶೆನಂಡೋವಾ ಕಣಿವೆಯ ಕಣಜಗಳನ್ನೂ ಹಿಟ್ಟಿನ ಗಿರಣಿಗಳನ್ನೂ ಉತ್ತರದ ಸೇನಾನಿ ಶೆರಿಡನ್ನನು 1864ರಲ್ಲಿ ಸುಡಿಸಿದನು. ಹುಡುಗನ ತಂದೆಯೂ ಅಣ್ಣನೂ ಯುದ್ಧಕ್ಕೆ ಆಹುತಿಯಾದರು. ತಂಗಿಯರನ್ನು ವಿಷಮಜ್ವರವು ಒಯ್ದಿತು. ತಾಯಿಯು ದುಃಖದಿಂದ ಕೊರಗಿ ತೀರಿಕೊಂಡಳು. ಅನಾಥನಾದ ಅವನು ಹಳ್ಳಿಯಲ್ಲಿರುವ ತಾಯಿಯ ಸೋದರಿಯ ಮನೆಯನ್ನು ಸೇರಬೇಕಾಯಿತು. ಆ ಮನೆಯ ಯಜಮಾನ ಜೆಡ್‌ನು ಯಾವ ಪಕ್ಷದಲ್ಲಿಯೂ ನಿಂತು ಕಾದಲು ಒಪ್ಪದವನು! ವೀರಸ್ವರ್ಗವನ್ನು ಪಡೆದವನ ಮಗನು ಹೇಡಿಯ ಅನ್ನವನ್ನು ಉಣ್ಣುವದು ಹೇಗೆಂಬದೇ ಹುಡುಗನ ಸಂಕಟ.

ಈ ಸಂಕಟವನ್ನು ಗ್ರಂಥಕರ್ತ್ರಿಯು ಉಪದೇಶದಿಂದ ಬಿಡಿಸಲಿಲ್ಲ, ದುಡಿಮೆಯಿಂದ ಬಿಡಿಸಿದಳು. ಅನುಕೂಲಸ್ಥರ ಮನೆಯಲ್ಲಿ ಬೆಳೆದ ಹುಡುಗನು ಕಳೆ ತೆಗೆಯಲು, ಬೇಲಿಯನ್ನು ನೆಟ್ಟಗೆ ಮಾಡಲು, ಮೊಲಗಳಿಗೆ ಉರುಲನ್ನು ಒಡ್ಡಲು ಕಲಿಯುತ್ತಾನೆ. ತಾನು ಹೇಡಿಯೆಂದು ತಿಳಿದವನು ನೆರೆಹೊರೆಯವರ ದ್ವೇಷವನ್ನು ದಿನವೂ ಸಹಿಸುವದನ್ನು ನೋಡುತ್ತಾನೆ. ಪೆನ್ಸಿಲ್ವೇನಿಯದ ತನ್ನ ಮನೆಗೆ ಕಾಲ್ನಡಿಗೆಯಿಂದ ಹೊರಟ ಉತ್ತರದ ಸಿಪಾಯಿಯೊಬ್ಬನಿಗೆ ಜೆಡ್‌ನು ಆಶ್ರಯವನ್ನು ಕೊಟ್ಟಾಗ ಹುಡುಗನ ಸಿಟ್ಟು ನೆತ್ತಿಗೇರುತ್ತದೆ. ಕೊನೆಗೆ ವಿಂಚೆಸ್ಟರಿಗೆ ಮರಳುವ ಅವಕಾಶವು ಬಂದಾಗ ಮಾತ್ರ ಅವನು ಅಲ್ಲಿಯೇ ನಿಲ್ಲುತ್ತಾನೆ. ಈ ಬದಲಾವಣೆಯು ನಿಧಾನವಾಗಿ ಆಗುವದರಿಂದಲೇ ನಂಬಿಗೆಗೆ ಅರ್ಹವಾಗಿದೆಯೆಂದು ನಮ್ಮ ಮತ.

ಇಂಥ ಕಥೆಯು ನಮಗೆ ತೀರ ಹೊಸದೆಂದು ಹೇಳಲಾಗದು. ಕುರುಕ್ಷೇತ್ರದ ತರುವಾಯ ಧೃತರಾಷ್ಟ್ರನು ಹದಿನೈದು ವರ್ಷ ಪಾಂಡವರ ಮನೆಯಲ್ಲಿಯೇ ಇದ್ದನು. ಧರ್ಮರಾಯನು ಉಪಚಾರಕ್ಕೆ ಕೊರತೆ ಮಾಡಲಿಲ್ಲ. ಆದರೆ ನೂರು ಮಕ್ಕಳನ್ನು ಕೊಂದ ತೋಳುಗಳನ್ನು ತಟ್ಟಿ ಭೀಮನು ಮುದುಕನ ಕಿವಿಗೆ ಬೀಳುವಂತೆ ಆಡಿಕೊಳ್ಳುತ್ತಿದ್ದನು. ನಮ್ಮ ಕುಮಾರವ್ಯಾಸನು ಹತ್ತು ಪರ್ವಗಳಿಗೆ ತನ್ನ ಭಾರತವನ್ನು ನಿಲ್ಲಿಸಿದನು. ಮುಂದಿನದನ್ನು ಹೇಳುವ ಭಾರವು ಕೃಷ್ಣರಾಯನ ಕಾಲದ ತಿಮ್ಮಣ್ಣ ಕವಿಯ ಮೇಲೆ ಬಿದ್ದಿತು. ಗಮಕಿಗಳು ಗದಾಯುದ್ಧವನ್ನು ಓದಿದಾಗ ನೆರೆಯುವ ಜನರು ಆಶ್ರಮವಾಸದ ಕಥೆಗೆ ನೆರೆಯುವದಿಲ್ಲವೆಂಬದು ಬೇರೆ ಮಾತು.

ಆದರೂ ವಿಲ್‌ನ ಕಥೆಯೊಂದನ್ನೇ ಮಕ್ಕಳ ಕೈಗೆ ಕೊಟ್ಟು ಸುಮ್ಮನಾದರೆ ಒಂದು ದೊಡ್ಡ ಅನ್ಯಾಯವಾಗುವದು. ಆ ಯುದ್ಧವು ದಾಯಾದಿಗಳ ಮನಸ್ತಾಪ, ಇಬ್ಬರದೂ ತಪ್ಪು, ಕೂಡಿ ಉಂಡರೆ ತೀರಿತು ಎಂಬ ಭಾವನೆಯು ಹುಡುಗರಲ್ಲಿ ಬೇರೂರುವದು. ಯುದ್ಧದ ಮೂಲವು ಗುಲಾಮಗಿರಿಯಲ್ಲಿತ್ತು. ಸುಮಾರು ನಾಲ್ವತ್ತು ಲಕ್ಷ ಜನರಿಗೆ ಮದುವೆಯೆಂಬದು ಕಾಯದೆಯಲ್ಲಿಯೇ ಇರಲಿಲ್ಲ. ಯಜಮಾನನಿಗೆ ಸಾಲವಾದರೆ ತಾಯಿಯು ಒಂದು ಊರಿಗೆ, ಮಗುವು ಮತ್ತೊಂದು ಊರಿಗೆ ಮಾರಾಟವಾಗುತ್ತಿದ್ದಿತು. ಅವರ ಪಾಲಿಗೆ ಯುದ್ಧಾನಂತರದ ಗೃಹಜೀವನವೆಂದರೆ ಮೊದಲು ಮನೆಯವರನ್ನು ಹುಡುಕುವದು. ಪತ್ರಿಕೆಯನ್ನು ನಡೆಯಿಸುವ ನಮ್ಮಂಥವರು ಮರೆಯಲಾಗದ ಸಂಗತಿಯೊಂದು ಇಲ್ಲಿದೆ. ಫಿಲಡೆಲ್ಫಿಯದ ‘ಕ್ರಿಶ್ಚನ್ ರೆಕಾರ್ಡರ್’ ಮೊದಲಾದ ಪತ್ರಿಕೆಗಳಲ್ಲಿ ಬಿಡುಗಡೆಯಾದವರು ಜಾಹೀರಾತುಗಳನ್ನು ಕೊಟ್ಟರು: ತಾಯಿಯ ಹೆಸರು ಇಂಥದು, ಇಂಥ ಯಜಮಾನನ ಬಳಿ ಇದ್ದಳು, ಇಂಥಲ್ಲಿಗೆ ಮಾರಲ್ಪಟ್ಟಳು, ಕಂಡವರು ತಿಳಿಸಬೇಕು. ಓದುಬಾರದವರಿಗಾಗಿ ಅವುಗಳನ್ನು ಇಗರ್ಜಿಗಳಲ್ಲಿ ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಯುದ್ಧವು ಮುಗಿದು ದಶಕಗಳು ಕಳೆದ ಮೇಲೂ ಈ ಜಾಹೀರಾತುಗಳು ಬರುತ್ತಲೇ ಇದ್ದವು. ಸಿಕ್ಕವರು ಕೆಲವರೇ.

ಈ ಪಕ್ಷದ ಮನೆಯನ್ನು ಹ್ಯಾರಿಯೆಟ್ ಗಿಲೆಮ್ ರಾಬಿನೆಟ್ ಎಂಬ ನೀಗ್ರೋ ಜನಾಂಗದ ಲೇಖಕಿಯು ‘ಫಾರ್ಟಿ ಏಕರ್ಸ್ ಅಂಡ್ ಮೇಬಿ ಎ ಮ್ಯೂಲ್’ ಎಂಬ 1998ರ ಕಾದಂಬರಿಯಲ್ಲಿ ತೋರಿಸಿರುವಳು. 1865ರ ಜನವರಿಯಲ್ಲಿ ಸೇನಾನಿ ಶರ್ಮನ್ನನು ಸಮುದ್ರತೀರದ ಭೂಮಿಯಲ್ಲಿ ಒಂದೊಂದು ಕುಟುಂಬಕ್ಕೆ ನಾಲ್ವತ್ತು ಎಕರೆಯ ವರೆಗೆ ಕೊಡಬೇಕೆಂದು ಹುಕುಮು ಹೊರಡಿಸಿದ್ದನು. ಅದೇ ವರುಷ ಅಧ್ಯಕ್ಷ ಜಾನ್ಸನ್ನನು ಆ ಭೂಮಿಯನ್ನು ಹಳೆಯ ಒಡೆಯರಿಗೇ ಮರಳಿಸಿದನು. ಹುಡುಗ ಪಾಸ್ಕಲ್‌ನೂ ಅವನ ಅಣ್ಣ ಗಿಡಿಯನ್‌ನೂ, ರಕ್ತಸಂಬಂಧವಿಲ್ಲದ ಕೆಲವರನ್ನು ತಮ್ಮವರೆಂದು ಕೂಡಿಸಿಕೊಂಡು, ಜಾರ್ಜಿಯದಲ್ಲಿ ಹೊಲವನ್ನು ಪಡೆದು ಹಸನು ಮಾಡಿ ಕೊನೆಗೆ ಅದನ್ನು ಕಳೆದುಕೊಳ್ಳುವರು. ವಿಲ್‌ನಿಗೆ ಸೇರಲೊಂದು ಮನೆಯಾದರೂ ಇದ್ದಿತು. ಇವರು ಮನೆಯನ್ನೂ ಮನೆಯವರನ್ನೂ ಹೊಸದಾಗಿ ಕಟ್ಟಿಕೊಳ್ಳಬೇಕಾಯಿತು.

ಮಕ್ಕಳಿಗೆ ಇಷ್ಟು ದುಃಖವೇಕೆ ಎಂದು ಕೇಳುವ ಪಾಲಕರಿದ್ದಾರೆ. ಅವರೇ ತಮ್ಮ ಮಕ್ಕಳಿಗೆ ಅಭಿಮನ್ಯುವಿನ ಕಥೆಯನ್ನು ಹೇಳುತ್ತಾರಷ್ಟೆ! ಈ ಎರಡು ಪುಸ್ತಕಗಳನ್ನು ಕನ್ನಡಿಸುವವರಿದ್ದರೆ ಒಂದನ್ನೇ ತರದೆ ಎರಡನ್ನೂ ಜೋಡಿಯಾಗಿ ತರಲಿ. ವಿಲ್‌ನ ಕಥೆಯಲ್ಲಿ ಭಾಷಾಂತರಕಾರನಿಗೆ ಒಂದು ಶಬ್ದವು ತಡೆಯಾಗಿ ನಿಲ್ಲುವದು. ಇಂಗ್ಲಿಷರ ‘ಅಂಕಲ್’ ಎಂಬದು ಸೋದರಮಾವನಿಗೂ ಸಲ್ಲುವದು, ದಾರಿಹೋಕನಿಗೂ ಸಲ್ಲುವದು. ನಮ್ಮಲ್ಲಿ ತಾಯಿಯ ಸೋದರಿಯ ಗಂಡನು ಚಿಕ್ಕಪ್ಪನಾಗಬೇಕು, ಇಲ್ಲವೆ ದೊಡ್ಡಪ್ಪನಾಗಬೇಕು. ಎರಡರಲ್ಲಿಯೂ ‘ಅಪ್ಪ’ ಉಂಟು. ತಂದೆಯನ್ನು ರಣದಲ್ಲಿ ಕಳೆದುಕೊಂಡ ಹುಡುಗನ ಬಾಯಿಂದ ಆ ಮಾತನ್ನು ಯಾವ ಪ್ರಕರಣದಲ್ಲಿ ಆಡಿಸಬೇಕೆಂಬದನ್ನು ಅವನು ಮೊದಲು ನಿರ್ಣಯಿಸಿಕೊಳ್ಳಲಿ.