ಮಧ್ಯಾಹ್ನದ ಬೆಟ್ಟ ಚಪ್ಪಟೆ ಏಕೆ?

ಪ್ರಶ್ನೆ: ಮಧ್ಯಾಹ್ನ ಮೊಬೈಲಿನಲ್ಲಿ ತೆಗೆದ ಬೆಟ್ಟದ ಫೋಟೊ ಪೇಲವ, ಸಂಜೆಯದು ಸೊಗಸು. ಏಕೆ?
– ಓದುಗರೊಬ್ಬರು, ಗೌಡಗೆರೆ

ಉತ್ತರ: ಬಂಡೆಯ ಉಬ್ಬುತಗ್ಗನ್ನು ಕಣ್ಣಿಗೆ ತೋರಿಸುವುದು ನೆರಳು. ನಿಮ್ಮ ಸೀಮೆಯಲ್ಲಿ ಏಪ್ರಿಲ್ ಕೊನೆಯ ವಾರದಲ್ಲಿ ಮತ್ತು ಆಗಸ್ಟ್ ಮಧ್ಯಭಾಗದಲ್ಲಿ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ. ನೆಟ್ಟ ಕಂಬದ ನೆರಳೂ ಬುಡದಲ್ಲೇ ಅಡಗುತ್ತದೆ. ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ನೋಡಿ, ಮಧುಗಿರಿಯ ಏಕಶಿಲಾ ಬೆಟ್ಟದ ಮೇಲೆ ಮಳೆನೀರು ಇಳಿದ ಗೆರೆ, ಕೋಟೆಗೋಡೆಯ ಅಂಚು ಎಲ್ಲ ಬಿಡಿಬಿಡಿಯಾಗಿ ಎದ್ದು ಬರುತ್ತವೆ. ಆಗ ಬೆಳಕು ಗಾಳಿಯಲ್ಲಿ ಹೆಚ್ಚು ದೂರ ಹಾಯುವುದರಿಂದ ನೀಲಿ ಚದುರಿ ಹೊಂಬಣ್ಣ ಉಳಿಯುತ್ತದೆ.

ಸೂರ್ಯನನ್ನು ಬೆನ್ನಿಗಲ್ಲ, ಪಕ್ಕಕ್ಕೆ ಇಟ್ಟುಕೊಂಡು ನಿಲ್ಲಿ. ಮೊಬೈಲಿನ ಪರದೆಯಲ್ಲಿ ಬಿಸಿಲು ಬಿದ್ದ ಬಂಡೆಯನ್ನೇ ಮುಟ್ಟಿ. ಬೆಳಕಿನ ಅಳತೆ ಅದಕ್ಕೆ ಹೊಂದಿಕೊಳ್ಳುತ್ತದೆ. ನೆರಳು ಕಪ್ಪಾದರೆ ಆಗಲಿ, ಆಮೇಲೆ ತಿದ್ದಿ ಬೆಳಗಿಸಬೇಡಿ. ನನಗಂತೂ ಆ ಕಪ್ಪೇ ಬಲು ಇಷ್ಟ.